ಓದುಗರ ಪ್ರಶ್ನೆ: ಸೈಕಲ್ ಹತ್ತುವ ಮೊದಲು ನಿಲ್ಲಿಸುವುದನ್ನು ಕಲಿಯಿರಿ

ಸೈಕಲ್ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲುವಾಸಿ ಕೊಡಗಿನವು. ಆಶ್ಚರ್ಯವೇನಿಲ್ಲ ಬಿಡಿ, ಬಯಲುಸೀಮೆಯವರು ಮನೆ ಮುಂದೆಯೇ ಕಲಿತುಬಿಡುತ್ತಾರೆ. ಇಲ್ಲಿ ಗೇಟು ದಾಟಿದರೆ ಒಂದೋ ಏರು, ಇಲ್ಲವೇ ಇಳಿಜಾರು. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ. ಹೆಸರು ಹಾಕಿಲ್ಲ.

ಪ್ರಶ್ನೆ: ನನಗೀಗ 46. ಚಿಕ್ಕವಳಿದ್ದಾಗ ಅಣ್ಣಂದಿರಿಗೆ ಮಾತ್ರ ಸೈಕಲ್ ಇತ್ತು, ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸುತ್ತಿದ್ದರು ಅಷ್ಟೇ. ಮಗಳು ಕೆಲಸಕ್ಕೆ ಹೋದಮೇಲೆ ಅವಳ ಸೈಕಲ್ ಮನೆಯಲ್ಲಿ ಸುಮ್ನೆ ನಿಂತಿದೆ. ಕಲಿಯುವ ಆಸೆ. ಆದರೆ ಈ ವಯಸ್ಸಲ್ಲಿ ಬಿದ್ದು ಕೈ ಮುರಿದುಕೊಂಡರೆ? ಅಕ್ಕಪಕ್ಕದವರು ನೋಡಿ ನಕ್ಕರೆ? ನಮ್ಮ ರಸ್ತೆಯಂತೂ ಪೂರ್ತಿ ಇಳಿಜಾರು.
(ಓದುಗಿ, ಮಡಿಕೇರಿ)

ಉತ್ತರ: ನಗುವವರು ನಗಲಿ ಅಕ್ಕಾ. ನಾಲ್ಕು ದಿನ ನಕ್ಕು ಆಮೇಲೆ ಅವರಲ್ಲೇ ಒಬ್ಬರು ‘ನನಗೂ ಸ್ವಲ್ಪ ಹೇಳಿಕೊಡಿ’ ಅಂತ ಬರುತ್ತಾರೆ. ವಯಸ್ಸು ಅಡ್ಡಿಯಲ್ಲ. ಮಕ್ಕಳು ಬಿದ್ದು ಎದ್ದು ಕಲಿಯುತ್ತಾರೆ, ದೊಡ್ಡವರಿಗೆ ಬೀಳದೆ ಕಲಿಯುವ ದಾರಿ ಬೇಕು. ಆ ದಾರಿ ಇದೆ, ಮತ್ತು ಅದರಲ್ಲಿ ಪೆಡಲ್ ತುಳಿಯುವುದು ಕೊನೆಗೆ ಬರುತ್ತದೆ.

ಮೊದಲು ನಿಮ್ಮ ರಸ್ತೆಯನ್ನು ಮರೆತುಬಿಡಿ. ಸಮತಟ್ಟು ಜಾಗ ಬೇಕು. ಭಾನುವಾರ ಬೆಳಗ್ಗೆ ಗಾಂಧಿ ಮೈದಾನ ಖಾಲಿ ಇದ್ದರೆ ಅಲ್ಲಿ, ಇಲ್ಲವೇ ಹತ್ತಿರದ ಶಾಲೆಯ ಮೈದಾನದಲ್ಲಿ ಕೇಳಿಕೊಂಡು ಶುರು ಮಾಡಿ. ಕುಶಾಲನಗರದಲ್ಲಿ ನೆಂಟರಿದ್ದರೆ ಇನ್ನೂ ಒಳ್ಳೆಯದು, ಅಲ್ಲಿ ಮಡಿಕೇರಿಯ ಹಾಗೆ ಏರುತಗ್ಗು ಇಲ್ಲ. ತೋಟ ಇರುವ ಗುರುತಿನವರು ಯಾರಾದರೂ ಇದ್ದರೆ ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿ ಇಲ್ಲ ಅನ್ನುತ್ತೇನೆ. ಕೊಯ್ಲಿನ ತಿಂಗಳುಗಳಲ್ಲಿ ಸಿಗುವುದಿಲ್ಲ, ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಮಿಕ್ಕ ಸಮಯದಲ್ಲಿ ಅದು ಖಾಲಿಯೇ ಅಲ್ವಾ.

ಈಗ ಸೈಕಲ್. ಎರಡೂ ಪೆಡಲ್ ಬಿಚ್ಚಿಸಿ. ಹೌದು, ಬಿಚ್ಚಿಸಿ. 15ರ ಸ್ಪ್ಯಾನರ್ ಇದ್ದರೆ ಮನೆಯಲ್ಲೇ ಆಗುತ್ತದೆ. ಆದರೆ ಎಡಗಡೆ ಪೆಡಲಿನ ಮರೆ (ತಿರುಪಿನ ಸುರುಳಿ) ಉಲ್ಟಾ ಇರುತ್ತದೆ, ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಜೋರು ಹಾಕಿ ಮರೆ ಹಾಳು ಮಾಡಿಕೊಳ್ಳುವವರು ಜಾಸ್ತಿ. ಆಮೇಲೆ ಸೀಟನ್ನು ಪೂರ್ತಿ ತಗ್ಗಿಸಿ. ಕುಳಿತಾಗ ಎರಡೂ ಪಾದ ಹಿಮ್ಮಡಿ ಸಮೇತ ನೆಲಕ್ಕೆ ತಾಗಬೇಕು.

ಇದೇನು ಮಕ್ಕಳಾಟ ಅಂದುಕೊಳ್ಳಬೇಡಿ. ಸೈಕಲ್ ಶುರುವಾಗಿದ್ದೇ ಹೀಗೆ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬವರು ಮಾಡಿದ ಎರಡು ಚಕ್ರದ ಗಾಡಿಗೆ ಪೆಡಲ್ ಇರಲಿಲ್ಲ, ಸವಾರ ಕಾಲಿನಿಂದ ನೆಲ ಒದ್ದು ಸಾಗಬೇಕಿತ್ತು. ಮುಂದಿನ ಚಕ್ರಕ್ಕೆ ಪೆಡಲ್ ಬಂದಿದ್ದು 1860ರ ದಶಕದಲ್ಲಿ, ಪ್ಯಾರಿಸ್‌ನಲ್ಲಿ. ಅಂದರೆ ಪೆಡಲ್ ಬರುವ ಮುಂಚೆಯೇ ಜನ ಬರೀ ಬ್ಯಾಲೆನ್ಸ್ ಮೇಲೆ ಓಡಿಸಿದ್ದರು. ನೀವೂ ಅದನ್ನೇ ಮಾಡಿ. ಕುಳಿತು ನಡೆಯಿರಿ. ಆಮೇಲೆ ದೊಡ್ಡ ಹೆಜ್ಜೆ ಹಾಕಿ. ಆಮೇಲೆ ಎರಡೂ ಕಾಲಿನಿಂದ ಒಟ್ಟಿಗೆ ಒದ್ದು, ಕಾಲೆತ್ತಿ, ಎಷ್ಟು ದೂರ ಹೋಗುತ್ತದೋ ಹೋಗಲಿ ಅಂತ ಬಿಡಿ. ಪ್ರತಿ ಸಲ ನಿಲ್ಲಿಸುವಾಗ ಬ್ರೇಕ್ ಹಿಡಿದೇ ನಿಲ್ಲಿಸಿ, ಕಾಲೂರಿ ಎಳೆದು ನಿಲ್ಲಿಸಬೇಡಿ. ಬ್ರೇಕಿನ ಮೇಲೆ ನಂಬಿಕೆ ಬಂದ ದಿನ ನಿಮ್ಮ ಅರ್ಧ ಹೆದರಿಕೆ ಹೋಗಿರುತ್ತದೆ, ಯಾಕೆಂದರೆ ಹೆದರಿಕೆ ಇರುವುದು ಹೋಗುವುದಕ್ಕಲ್ಲ, ನಿಲ್ಲುವುದು ಹೇಗೆ ಅಂತ ಗೊತ್ತಿಲ್ಲದ್ದಕ್ಕೆ.

ಒಂದು ಗುಟ್ಟು. ಸೈಕಲ್ ಎಡಕ್ಕೆ ವಾಲಿದರೆ ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು. ಮನಸ್ಸು ಬಲಕ್ಕೆ ಎಳೆ ಅನ್ನುತ್ತದೆ, ಎಳೆದರೆ ಬೀಳುತ್ತೀರಿ. ವಾಲಿದ ಕಡೆಗೇ ಚಕ್ರ ತಿರುಗಿದರೆ ಅದು ನಿಮ್ಮ ಭಾರದ ಅಡಿಗೆ ಬಂದು ನಿಮ್ಮನ್ನು ಎತ್ತಿಹಿಡಿಯುತ್ತದೆ. ಸ್ವಲ್ಪ ಓಟ ಇದ್ದರೆ ಇದು ಸಲೀಸು, ತೀರಾ ನಿಧಾನವಾದರೆ ಒದ್ದಾಟ. ಕಣ್ಣು ಮಾತ್ರ ಮುಂದೆ ದೂರದಲ್ಲಿರಲಿ, ಮುಂದಿನ ಚಕ್ರ ನೋಡುತ್ತಾ ಕೂತರೆ ಅದು ಅಲ್ಲಾಡುತ್ತಲೇ ಇರುತ್ತದೆ. ಸಹಾಯಕ್ಕೆ ಯಾರಾದರೂ ಬಂದರೆ ಹ್ಯಾಂಡಲ್ ಹಿಡಿಯಲು ಬಿಡಬೇಡಿ. ಹಿಡಿದರೆ ಬ್ಯಾಲೆನ್ಸ್ ಕಲಿಯುವವರು ಅವರು, ನೀವಲ್ಲ. ಜೊತೆಯಲ್ಲಿ ನಡೆದು ಬರಲಿ, ಫೋಟೊ ತೆಗೆಯಲಿ, ಸಾಕು.

ಮೈದಾನದ ಈ ತುದಿಯಿಂದ ಆ ತುದಿಗೆ ಕಾಲೂರದೆ ತೇಲಿಹೋಗುವುದು ಬಂದಮೇಲೆ ಪೆಡಲ್ ಹಾಕಿಸಿ. ಬಲ ಪೆಡಲನ್ನು ಮೇಲೆ, ಸ್ವಲ್ಪ ಮುಂದೆ ಇಟ್ಟು ಒಂದೇ ತುಳಿತಕ್ಕೆ ಹೊರಡಿ. ಸೀರೆ, ದುಪಟ್ಟಾ ಚೈನಿಗೆ ಸಿಗುತ್ತದೆ. ಕಲಿಯುವವರೆಗಾದರೂ ಪ್ಯಾಂಟೋ ಚೂಡಿದಾರೋ ಇರಲಿ, ದುಪಟ್ಟಾ ಮನೆಯಲ್ಲಿರಲಿ. ಎಷ್ಟು ದಿನ ಬೇಕು ಅಂತ ಕೇಳಬೇಡಿ, ಒಬ್ಬೊಬ್ಬರಿಗೆ ಒಂದೊಂದು ಥರ. ಸುಸ್ತಾದ ದಿನ ಬೇಗ ನಿಲ್ಲಿಸಿಬಿಡಿ, ಬೀಳುವುದೆಲ್ಲ ಸುಸ್ತಾದ ಮೇಲೆಯೇ.

ಪ್ರಶ್ನೆ: ಸೈಕಲ್ ಬರುತ್ತದೆ, ದಿನಾ ಕೆಲಸಕ್ಕೆ ಅದರಲ್ಲೇ ಹೋಗುವ ಯೋಚನೆ. ಆದರೆ ಇಳಿಜಾರು ಬಂದರೆ ಎದೆ ಢವಢವ. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳುತ್ತೀಯ ಅಂತ ಚಿಕ್ಕಂದಿನಿಂದ ಹೇಳಿದ್ದಾರೆ, ಹಾಗಾಗಿ ಅದನ್ನು ಮುಟ್ಟುವುದೇ ಇಲ್ಲ. ಹಿಂದಿನದು ಹಿಡಿದರೆ ಚಕ್ರ ಜಾರುತ್ತದೆ. ಏನು ಮಾಡಲಿ?
(ಓದುಗ, ಸುಂಟಿಕೊಪ್ಪ)

ಉತ್ತರ: ನಿಮಗೆ ಹಾಗೆ ಹೇಳಿದವರು ಅರ್ಧ ಸತ್ಯ ಹೇಳಿದ್ದಾರೆ. ಬ್ರೇಕ್ ಹಿಡಿದ ತಕ್ಷಣ ನಿಮ್ಮ ಮೈಭಾರ, ಸೈಕಲ್ ಭಾರ ಎರಡೂ ಮುಂದಕ್ಕೆ ನುಗ್ಗುತ್ತವೆ. ಮುಂದಿನ ಚಕ್ರ ನೆಲಕ್ಕೆ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಬ್ರೇಕ್ ಹಾಕಿದರೆ ಜಾರದೆ ಇನ್ನೇನಾಗುತ್ತದೆ? ಗಾಡಿಯನ್ನು ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಇಳಿಜಾರಿನಲ್ಲಿ ಇನ್ನೂ ಜಾಸ್ತಿ. ಮುಗ್ಗರಿಸುವುದು ಗಾಬರಿಯಿಂದ ಅದನ್ನು ಒಮ್ಮೆಲೇ ಗಬಕ್ಕನೆ ಹಿಡಿದಾಗ.

ಹಾಗಾಗಿ ಎರಡನ್ನೂ ಒಟ್ಟಿಗೆ ಹಿಡಿಯಿರಿ, ಮೆಲ್ಲಗೆ ಶುರುಮಾಡಿ ಒತ್ತಡ ಹೆಚ್ಚಿಸುತ್ತಾ ಹೋಗಿ. ಹಿಡಿಯುವಾಗ ಸೊಂಟವನ್ನು ಸೀಟಿನ ಹಿಂದಕ್ಕೆ ಸರಿಸಿ, ಕೈ ನೇರ ಮಾಡಿ ಹ್ಯಾಂಡಲಿಗೆ ಆತುಕೊಳ್ಳಿ, ಎರಡು ಪೆಡಲೂ ಒಂದೇ ಮಟ್ಟದಲ್ಲಿರಲಿ. ನಮ್ಮಲ್ಲಿ ಸಾಮಾನ್ಯವಾಗಿ ಸ್ಕೂಟರ್ ಹಾಗೆ ಬಲಗೈಯದು ಮುಂದಿನ ಬ್ರೇಕ್, ಆದರೂ ನಿಮ್ಮ ಸೈಕಲಿನಲ್ಲಿ ತಳ್ಳಿ, ಹಿಡಿದು ನೋಡಿಕೊಳ್ಳಿ. ಸಮತಟ್ಟು ಜಾಗದಲ್ಲಿ ಒಂದು ಕಲ್ಲಿಟ್ಟು ಅದರ ಪಕ್ಕಕ್ಕೇ ನಿಲ್ಲುವ ಅಭ್ಯಾಸ ಮಾಡಿ. ಮೊದಲು ನಿಧಾನಕ್ಕೆ, ಆಮೇಲೆ ಸ್ವಲ್ಪ ಜೋರಾಗಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಕಾಗದದಲ್ಲಿ ಓದಿದರೆ ನಾಟುವುದಿಲ್ಲ, ಕಲ್ಲು ದಾಟಿ ಹೋದಾಗ ನಾಟುತ್ತದೆ.

ನಿಜವಾದ ಇಳಿಜಾರಿಗೆ ಬಂದಾಗ ಒಂದೇ ನಿಯಮ: ವೇಗವನ್ನು ಏರಲು ಬಿಟ್ಟು ಆಮೇಲೆ ಇಳಿಸುವುದು ಬೇಡ, ಮೊದಲಿನಿಂದಲೇ ಕೈಯಲ್ಲಿಟ್ಟುಕೊಳ್ಳಿ. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನ ಒಳಗೆ ಹಿಡಿಯಬೇಡಿ. ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವಂಥ ಉದ್ದ ಘಾಟಿಯಲ್ಲಿ ಬ್ರೇಕನ್ನು ಸವೆಸುತ್ತಾ ಹೋದರೆ ರಿಮ್ ಕಾದುಹೋಗುತ್ತದೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಇಳಿಯಬೇಕು, ಮಧ್ಯೆ ನಿಲ್ಲಬೇಕು. ಹೊಸಬರು ಘಾಟಿಗೆ ಹೋಗಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಲಾರಿ, ಬಸ್, ವಾರಾಂತ್ಯದ ಪ್ರವಾಸಿಗರ ಕಾರು, ಎಲ್ಲಾ ಆ ರಸ್ತೆಯಲ್ಲೇ.

ಬೆಳಗ್ಗೆ ಹೊರಡುವ ಮುಂಚೆ ಬ್ರೇಕ್ ರಬ್ಬರ್ ನೋಡಿ. ಅದರ ಗೆರೆಗಳು ಸವೆದು ನುಣ್ಣಗಾಗಿದ್ದರೆ ಬದಲಿಸಿ. ರಬ್ಬರ್ ತಾಗಬೇಕಾದ್ದು ರಿಮ್‌ಗೆ, ಟಯರ್‌ಗೆ ಅಲ್ಲ. ಲಿವರ್ ಒತ್ತಿದಾಗ ಹ್ಯಾಂಡಲಿಗೆ ಬಂದು ಮುಟ್ಟುತ್ತಿದ್ದರೆ ಕೇಬಲ್ ಬಿಗಿ ಮಾಡಿಸಿ. ರಿಪೇರಿಗೆ ಕೊಡುವ ದುಡ್ಡು ತೀರಾ ಕಡಿಮೆ, ಆದರೂ ಜನ ಬೆಲ್ ಸರಿಮಾಡಿಸುತ್ತಾರೆ, ಬ್ರೇಕ್ ಬಿಡುತ್ತಾರೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಸೈಕಲ್‌ಗೆ ಹೆಲ್ಮೆಟ್ ಹಾಕಲೇಬೇಕಾ? ಪೊಲೀಸ್ ಹಿಡೀತಾರಾ? ಫ್ರೆಂಡ್ಸ್ ಎಲ್ಲಾ ರೇಗಿಸ್ತಾರೆ.
(ವಿರಾಜಪೇಟೆ)

ಉತ್ತರ: ಪೊಲೀಸ್ ಹಿಡಿಯಲ್ಲ ಮರಿ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನ ಹೆಲ್ಮೆಟ್ ನಿಯಮ ಮೋಟಾರ್‌ ಸೈಕಲ್ ಸವಾರರಿಗೆ, ನಿನಗಲ್ಲ. ಆದರೆ ರಸ್ತೆಗೆ ಆ ಕಾಯ್ದೆ ಗೊತ್ತಿಲ್ಲ. ಹಾಕಿಕೋ. ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಹೆಲ್ಮೆಟ್ ಕೂರಬೇಕು, ಪಟ್ಟಿ ಕಿವಿಯ ಕೆಳಗೆ ಸೇರಬೇಕು, ಗಲ್ಲದ ಕೆಳಗೆ ಒಂದು ಬೆರಳು ಮಾತ್ರ ತೂರಬೇಕು. ಹಿಂದಕ್ಕೆ ಸರಿದು ನಿಂತ ಹೆಲ್ಮೆಟ್ ಹಣೆಯನ್ನು ಕಾಯುವುದಿಲ್ಲ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬಿಸಾಡು. ಮತ್ತೆ, ಡಬಲ್ಸ್ ತ್ರಿಬಲ್ಸ್ ಬೇಡ. ಇಳಿಜಾರಲ್ಲಿ ಅಂತೂ ಬೇಡವೇ ಬೇಡ. ಬ್ರೇಕ್ ಒಬ್ಬರಿಗೆ ಮಾಡಿರುವುದು.

ಪ್ರಶ್ನೆ: ಪೊನ್ನಂಪೇಟೆಯವಳು, ಈಗ ಮೈಸೂರಿನಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದೇನೆ. ಊರಿನಲ್ಲಿ ಸೈಕಲ್ ಓಡಿಸಿ ಗೊತ್ತು. ಇಲ್ಲಿ ಹಿಂದಿನಿಂದ ಹಾರ್ನ್ ಹೊಡೆದರೆ ಕೈ ನಡುಗುತ್ತದೆ, ರಸ್ತೆ ಅಂಚಿಗೆ ಹೋಗಿ ಮೋರಿ ಪಕ್ಕದಲ್ಲೇ ಓಡಿಸುತ್ತೇನೆ. ಧೈರ್ಯ ಬರುವುದು ಹೇಗೆ?
(ವಿದ್ಯಾರ್ಥಿನಿ, ಮೈಸೂರು)

ಉತ್ತರ: ಮೊದಲು ಆ ಮೋರಿ ಪಕ್ಕದಿಂದ ಹೊರಗೆ ಬನ್ನಿ. ಅಂಚಿನಲ್ಲೇ ಮರಳು, ಗಾಜಿನ ಚೂರು, ಚರಂಡಿಯ ಜಾಲರಿ ಎಲ್ಲಾ ಇರುವುದು. ಜೊತೆಗೆ ನೀವು ಎಷ್ಟು ಅಂಚಿಗೆ ಹೋಗುತ್ತೀರೋ ಹಿಂದಿನವರಿಗೆ ಅಷ್ಟು ಸಲೀಸು, ‘ಜಾಗ ಇದೆ, ನುಗ್ಗೋಣ’ ಅಂತ ಮೈಗೆ ಸವರಿಕೊಂಡೇ ಹೋಗುತ್ತಾರೆ. ಎಡಗಡೆಯೇ ಇರಿ, ಆದರೆ ಅಂಚಿನಿಂದ ಸುಮಾರು ಒಂದು ಮೀಟರ್ ಬಿಟ್ಟು, ನೇರ ಗೆರೆಯಲ್ಲಿ. ನಿಲ್ಲಿಸಿದ ಕಾರುಗಳ ಪಕ್ಕದಲ್ಲೂ ಅಷ್ಟೇ ದೂರ ಬಿಡಿ. ಒಳಗಿರುವವರು ನೋಡದೆ ಬಾಗಿಲು ತೆಗೆಯುತ್ತಾರೆ. ಎರಡು ಕಾರಿನ ನಡುವೆ ಖಾಲಿ ಸಿಕ್ಕಿತು ಅಂತ ಒಳಗೆ ಹೋಗಿ ಮತ್ತೆ ಹೊರಗೆ ಬರುವ ಹಾವಿನಾಟ ಬೇಡ, ಹಿಂದಿನವರಿಗೆ ನೀವು ಎಲ್ಲಿ ಬರುತ್ತೀರಿ ಅಂತ ಗೊತ್ತಾಗುವುದಿಲ್ಲ.

ಹಾರ್ನ್ ಬಗ್ಗೆ: ನಮ್ಮ ದೇಶದಲ್ಲಿ ಹಾರ್ನ್ ಅಂದರೆ ಬಹುತೇಕ ‘ನಾನಿದ್ದೇನೆ’ ಅಂತ, ಬೈಗುಳವಲ್ಲ. ಹಾರ್ನ್ ಹೊಡೆದವನು ನಿಮ್ಮನ್ನು ನೋಡಿದ್ದಾನೆ. ಹೆದರಬೇಕಾದ್ದು ನೋಡದೆ ಬರುವವನಿಗೆ. ಆದ್ದರಿಂದ ಇಯರ್‌ಫೋನ್ ಬೇಡ, ಕಿವಿ ಖಾಲಿ ಇರಲಿ.

ಹಿಂದೆ ತಿರುಗಿ ನೋಡುವುದು ಬಹಳ ಜನಕ್ಕೆ ಬರುವುದಿಲ್ಲ. ಬಲ ಹೆಗಲ ಮೇಲಿಂದ ಹಿಂದೆ ನೋಡಿದರೆ ಹ್ಯಾಂಡಲೂ ಬಲಕ್ಕೆ ಎಳೆದುಕೊಂಡು ಹೋಗುತ್ತದೆ. ಖಾಲಿ ಮೈದಾನದಲ್ಲಿ ಒಂದು ಗೆರೆಯ ಮೇಲೆ ಓಡಿಸುತ್ತಾ, ಗೆರೆ ಬಿಡದೆ ಹಿಂದೆ ನೋಡುವುದನ್ನು ಅಭ್ಯಾಸ ಮಾಡಿ. ನಂತರ ಒಂದು ಕೈ ಬಿಟ್ಟು ಓಡಿಸುವುದು, ಕೈ ಚಾಚಿ ಸಿಗ್ನಲ್ ಕೊಡುವುದು. ಇಷ್ಟು ಬಂದರೆ ಟ್ರಾಫಿಕ್ಕಿನಲ್ಲಿ ಮಾಡಬೇಕಾದ ಕೆಲಸದಲ್ಲಿ ಹೆಚ್ಚಿನದು ಮೈದಾನದಲ್ಲೇ ಮುಗಿದಿರುತ್ತದೆ.

ಬಸ್ಸು, ಲಾರಿಯ ಎಡಪಕ್ಕಕ್ಕೆ ಮಾತ್ರ ಯಾವತ್ತೂ ನುಗ್ಗಬೇಡಿ. ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಎಡಗಡೆ ಸಂದಿ ಇದ್ದರೆ ಅದು ನಿಮಗಾಗಿ ಬಿಟ್ಟದ್ದಲ್ಲ. ಅಲ್ಲಿದ್ದರೆ ಡ್ರೈವರ್‌ಗೆ ನೀವು ಕಾಣುವುದಿಲ್ಲ, ಬಸ್ಸು ಎಡಕ್ಕೆ ತಿರುಗಿದರೆ ಹಿಂದಿನ ಚಕ್ರ ಇನ್ನೂ ಒಳಗೆ ಬರುತ್ತದೆ. ಹಿಂದೆಯೇ ನಿಂತುಕೊಳ್ಳಿ, ಹೊಗೆ ಕುಡಿದರೂ ಪರವಾಗಿಲ್ಲ.

ಮೈಸೂರಿನಲ್ಲಿ ದೊಡ್ಡ ದೊಡ್ಡ ಸರ್ಕಲ್‌ಗಳು ಜಾಸ್ತಿ. ಬಲಕ್ಕೆ ತಿರುಗಬೇಕಾದಾಗ ಎದೆ ಗಟ್ಟಿಯಾಗುವವರೆಗೆ ಇಳಿದು, ಜೀಬ್ರಾ ಪಟ್ಟೆಯಲ್ಲಿ ತಳ್ಳಿಕೊಂಡು ದಾಟಿ. ಯಾರೂ ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ. ಕಾಲೇಜಿಗೆ ಹೋಗುವ ದಾರಿಯನ್ನು ಒಂದು ಭಾನುವಾರ ಬೆಳಗ್ಗೆ ಓಡಿಸಿ ನೋಡಿ, ಎಲ್ಲಿ ಗುಂಡಿ, ಎಲ್ಲಿ ಬಸ್ ಸ್ಟಾಪ್ ಅಂತ ಗೊತ್ತಾಗುತ್ತದೆ. ದೊಡ್ಡ ರಸ್ತೆಗಿಂತ ಒಳಗಿನ ಕ್ರಾಸ್ ರಸ್ತೆಗಳಲ್ಲಿ ಸ್ವಲ್ಪ ಸುತ್ತಾದರೂ ನೆಮ್ಮದಿ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಯೋಜನೆ ಶುರುವಾಗಿತ್ತು, ಅಂದರೆ ಆ ಊರು ಸೈಕಲ್ಲಿಗೆ ಒಗ್ಗುವ ಊರೇ. ಬಾಡಿಗೆಯದಾಗಲಿ ಗೆಳತಿಯದಾಗಲಿ, ಬೇರೆಯವರ ಸೈಕಲ್ ಹತ್ತುವ ಮುಂಚೆ ಸೀಟಿನ ಎತ್ತರ ಸರಿಮಾಡಿ, ಎರಡೂ ಬ್ರೇಕ್ ಹಿಡಿದು ನೋಡಿ.

ಪ್ರಶ್ನೆ: ಮಗಳಿಗೆ ಸೈಕಲ್ ಕೊಡಿಸಬೇಕು, 13 ವರ್ಷ. ಗೇರ್ ಇರುವುದು ಬೇಕಾ? ಅಂಗಡಿಯವರು ಮುಂದೆ ಹಿಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್ ಇರುವುದನ್ನು ತೋರಿಸುತ್ತಿದ್ದಾರೆ. ಮನೆಯಲ್ಲಿ ಅಕ್ಕನ ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಹಳೇ ಸೈಕಲ್ ಒಂದಿದೆ, ಅದೇ ಸಾಕಾ?
(ಓದುಗ, ಗೋಣಿಕೊಪ್ಪಲು)

ಉತ್ತರ: ಕಲಿಯುವುದಕ್ಕೆ ಆ ಹಳೇ ಸೈಕಲ್ ಧಾರಾಳ ಸಾಕು. 2006-07ರಲ್ಲಿ ಶುರುವಾದ ಆ ಯೋಜನೆಯಿಂದ ರಾಜ್ಯದ ಎಷ್ಟೋ ಮನೆಗಳಿಗೆ ಮೊದಲ ಸೈಕಲ್ ಬಂತು, ಅದರಲ್ಲೂ ಹೆಣ್ಣುಮಕ್ಕಳ ಹೆಸರಿಗೆ ಬಂದ ಮೊದಲ ಗಾಡಿ. ಟಯರ್, ಟ್ಯೂಬ್, ಬ್ರೇಕ್ ರಬ್ಬರ್, ಕೇಬಲ್ ಹೊಸದು ಹಾಕಿಸಿ ಕೊಡಿ. ಕಲಿತಮೇಲೆ ದಿನಾ ಓಡಿಸುತ್ತಾಳೆ ಅಂತ ಖಾತ್ರಿಯಾದರೆ ಗೇರಿನದು ತೆಗೆದುಕೊಳ್ಳಿ, ನಮ್ಮ ಏರಿಗೆ ಗೇರ್ ಬೇಕೇ ಬೇಕು. ಎರಡೂ ಕಡೆ ಶಾಕ್ ಅಬ್ಸಾರ್ಬರ್ ಬೇಡ. ಕಡಿಮೆ ಬೆಲೆಯ ಸೈಕಲ್ಲಿನಲ್ಲಿ ಅದು ಬರೀ ಭಾರ, ಏರಿನಲ್ಲಿ ತುಳಿದ ಶಕ್ತಿಯೆಲ್ಲ ಸ್ಪ್ರಿಂಗ್ ಕುಣಿಯುವುದಕ್ಕೇ ಹೋಗುತ್ತದೆ. ‘ಬೆಳೆಯೋ ಮಗು, ದೊಡ್ಡದೇ ಇರಲಿ’ ಅಂತ ದೊಡ್ಡ ಸೈಜ್ ಕೊಡಿಸುವುದೂ ಬೇಡ, ಕಾಲು ನೆಲಕ್ಕೆ ಎಟುಕದ ಸೈಕಲ್ಲಿನಲ್ಲಿ ನಿಲ್ಲಲು ಬರುವುದಿಲ್ಲ. ಸೀಟನ್ನು ಆಮೇಲೆ ಏರಿಸಬಹುದು, ಪೆಡಲ್ ಕೆಳಗಿರುವಾಗ ಮಂಡಿ ಸ್ವಲ್ಪವೇ ಬಾಗಿರುವಷ್ಟು.

ಗೇರ್ ಹಾಕುವ ಕ್ರಮ ಹೇಳಿಕೊಡಿ. ಏರು ಶುರುವಾಗುವ ಮುಂಚೆಯೇ ಹಗುರ ಗೇರಿಗೆ ಬರಬೇಕು: ಮುಂದೆ ಚಿಕ್ಕ ಹಲ್ಲುಚಕ್ರ, ಹಿಂದೆ ದೊಡ್ಡದು. ಏರಿನ ನಡುವೆ ಪೂರ್ತಿ ಬಲ ಹಾಕಿ ತುಳಿಯುತ್ತಾ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ. ಏರು ಜಾಸ್ತಿಯಾದರೆ ಇಳಿದು ತಳ್ಳಲಿ. ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ತಳ್ಳಿಕೊಂಡು ಹೋಗದ ಸೈಕಲ್ ಸವಾರ ಯಾರಿದ್ದಾರೆ ಹೇಳಿ.

ಪ್ರಶ್ನೆ: ಮಳೆಗಾಲದಲ್ಲಿ ಓಡಿಸಬಹುದಾ?
(ಓದುಗ, ಸೋಮವಾರಪೇಟೆ)

ಉತ್ತರ: ಕಲಿಯುವವರಾದರೆ ಬೇಡ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಮದ್ದು ಸೊಪ್ಪಿನ ಪಾಯಸ ತಿಂದು ಮನೆಯಲ್ಲಿರಿ, ಸೆಪ್ಟೆಂಬರ್ ಕಳೆದು ಮಳೆ ಇಳಿದಮೇಲೆ ತೆಗೆಯಿರಿ. ಓಡಿಸಿ ಅಭ್ಯಾಸ ಇರುವವರಿಗೆ ಮೂರು ಮಾತು. ರಿಮ್ ನೆನೆದಿದ್ದರೆ ಬ್ರೇಕ್ ಹಿಡಿದ ಮೊದಲ ಕ್ಷಣ ಏನೂ ಆಗುವುದಿಲ್ಲ, ರಬ್ಬರ್ ನೀರನ್ನು ಒರೆಸಿದ ಮೇಲೆಯೇ ಹಿಡಿತ ಬರುತ್ತದೆ. ಹಾಗಾಗಿ ನಿಲ್ಲಬೇಕಾದ ಜಾಗಕ್ಕೆ ಬಹಳ ಮುಂಚೆಯೇ ಮೆಲ್ಲಗೆ ಸವರುತ್ತಾ ಬನ್ನಿ. ಹಳೇ ಸೈಕಲ್ಲಿನ ಹೊಳೆಯುವ ಸ್ಟೀಲ್ ರಿಮ್ ಈ ವಿಷಯದಲ್ಲಿ ತೀರಾ ಕೆಟ್ಟದು, ಅಲ್ಯೂಮಿನಿಯಂ ವಾಸಿ, ಡಿಸ್ಕ್ ಬ್ರೇಕ್ ಇನ್ನೂ ವಾಸಿ. ಎರಡನೆಯದು ನೆಲ: ಮರದಡಿಯ ಪಾಚಿ, ಕೊಳೆತ ಎಲೆ, ರಸ್ತೆಗೆ ಬಳಿದ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ. ಇವುಗಳ ಮೇಲೆ ತಿರುಗಿಸಬೇಡಿ, ಬ್ರೇಕ್ ಹಿಡಿಯಬೇಡಿ, ನೇರವಾಗಿ ದಾಟಿ. ನೀರು ನಿಂತ ಗುಂಡಿಯ ಆಳ ಯಾರಿಗೂ ಗೊತ್ತಿಲ್ಲ, ಒಳಗೆ ಹೋಗಬೇಡಿ. ಮೂರನೆಯದು ಮಂಜು. ಹಗಲಾದರೂ ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಉರಿಯುತ್ತಿರಲಿ. ಕಪ್ಪು ರೇನ್‌ಕೋಟ್ ಹಾಕಿ ಮಂಜಿನಲ್ಲಿ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಹಳದಿಯೂ ಅದೇ ರೇಟಿಗೆ ಸಿಗುತ್ತದೆ. ಒಂದು ಕೈಯಲ್ಲಿ ಕೊಡೆ ಹಿಡಿದು ಓಡಿಸುವವರಿಗೆ ಹೇಳುವುದೇನೂ ಇಲ್ಲ, ಇಳಿಯಿರಿ ಅಷ್ಟೇ. ಮನೆಗೆ ಬಂದಮೇಲೆ ಚೈನ್ ಒರೆಸಿ ಎಣ್ಣೆ ಬಿಡಿ, ಎಣ್ಣೆ ರಿಮ್‌ಗೆ ಮಾತ್ರ ಸಿಡಿಯದಿರಲಿ.

ಪ್ರಶ್ನೆ: ಟ್ರಾಫಿಕ್ ಇಲ್ಲ ಅಂತ ಬೆಳಗಿನ ಜಾವ ಐದಕ್ಕೆ ಅಭ್ಯಾಸ ಮಾಡೋಣ ಅಂತಿದ್ದೇವೆ, ನಾಲ್ಕು ಜನ ಗೆಳೆಯರು. ನಾಯಿ ಕಾಟ ಇದೆ. ಸಲಹೆ ಕೊಡಿ.
(ಓದುಗ, ಸಿದ್ದಾಪುರ)

ಉತ್ತರ: ಸಿದ್ದಾಪುರದಲ್ಲಿದ್ದು ನಾಯಿಯ ಬಗ್ಗೆ ಕೇಳುತ್ತಿದ್ದೀರಲ್ಲ! ನಿಮ್ಮ ಕಡೆ ಕತ್ತಲಲ್ಲಿ ರಸ್ತೆ ದಾಟುವುದು ಆನೆ. ತೋಟದಿಂದ ತೋಟಕ್ಕೆ ಹೋಗುವಾಗ ರಸ್ತೆ ಅದಕ್ಕೂ ಬೇಕು. ಸೈಕಲ್ ಸದ್ದು ಮಾಡುವುದಿಲ್ಲ, ತಿರುವಿನಲ್ಲಿ ಅದಕ್ಕೂ ನಿಮಗೂ ಒಮ್ಮೆಲೇ ಗೊತ್ತಾಗುತ್ತದೆ. ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ, ಏಳು ಗಂಟೆಯಾದರೂ ಪರವಾಗಿಲ್ಲ. ಹಿಂದಿನ ರಾತ್ರಿ ಆನೆ ಎಲ್ಲಿತ್ತು ಅಂತ ತೋಟದ ಲೈನ್‌ಮನೆಗಳಲ್ಲಿರುವ ಕಾರ್ಮಿಕರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ದೂರದಲ್ಲಿ ಕಂಡರೆ ಬೆಲ್ ಹೊಡೆಯುವುದು, ಫೋಟೊ ತೆಗೆಯುವುದು ಬೇಡ, ಸದ್ದಿಲ್ಲದೆ ತಿರುಗಿ ವಾಪಸ್ ಬನ್ನಿ. ತಿತಿಮತಿ ಕಡೆಯವರಿಗೂ ಇದೇ ಮಾತು.

ನಾಯಿಗೆ ಬರೋಣ. ಓಡುವ ಕಾಲನ್ನು ಕಂಡರೆ ಅದಕ್ಕೆ ಅಟ್ಟಿಸಿಕೊಂಡು ಹೋಗುವ ಹುಮ್ಮಸ್ಸು. ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ನೋಡಬೇಡಿ, ಕಾಲಿನಿಂದ ಒದೆಯಲೂ ಬೇಡಿ, ಎರಡರಲ್ಲೂ ಬೀಳುವುದು ನೀವೇ. ಬ್ರೇಕ್ ಹಿಡಿದು ನಿಲ್ಲಿ, ಇಳಿಯಿರಿ, ನಿಮ್ಮ ಮತ್ತು ನಾಯಿಯ ನಡುವೆ ಸೈಕಲ್ ಇರಲಿ. ನಿಂತವರ ಮೇಲೆ ಅದಕ್ಕೆ ಆಸಕ್ತಿ ಉಳಿಯುವುದಿಲ್ಲ. ಗಟ್ಟಿಯಾಗಿ ‘ಹೋಗ್’ ಅಂದು, ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ ಆಮೇಲೆ ಹತ್ತಿ. ಎಲ್ಲಾದರೂ ಕಚ್ಚಿದರೆ, ಚಿಕ್ಕ ಗೀರಾದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಕೂರಬೇಡಿ.